ಸರೋವರದ ಜಮಾ-ಖರ್ಚು ಮತ್ತು ಮಗನ ಮನೆಯ ಬೇಸ್‌ಮೆಂಟ್

ಊರಿನಿಂದ ಮೊದಲ ಸಲ ಟೊರೊಂಟೊಗೆ ಬರುವ ಅಪ್ಪ-ಅಮ್ಮನನ್ನು ನಾವೆಲ್ಲ ಮೊದಲು ಕರೆದೊಯ್ಯುವುದು ಒಂಟಾರಿಯೊ ಸರೋವರದ ದಡಕ್ಕೆ. "ಇದನ್ನ ಕೆರೆ ಅಂತೀಯಲ್ಲೋ, ಆಚೆ ದಡವೇ ಕಾಣ್ತಿಲ್ಲ" ಎಂದು ಅಮ್ಮ ಕೇಳುತ್ತಾರೆ. ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ತಾಗಿಸಿ, ಉಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡ ಹಿರಿಯರನ್ನೂ ನಾವು ನೋಡಿದ್ದೇವೆ. ನಮ್ಮ ಕಡೆ ಕೆರೆ ತುಂಬಿ ಕೋಡಿ ಬಿತ್ತೆಂದರೆ ಊರಿಗೆ ಊರೇ ಸಂಭ್ರಮಿಸುತ್ತದೆ, ಬಾಗಿನ ಬಿಡುತ್ತಾರೆ. ಇಲ್ಲಿ 2017ರಲ್ಲೂ 2019ರಲ್ಲೂ ಸರೋವರ ತುಂಬಿದಾಗ ದಡದ ಜನ ಮರಳಿನ ಚೀಲ ಹೊತ್ತರು. 2017ರಲ್ಲಿ ಟೊರೊಂಟೊ ದ್ವೀಪದ ಉದ್ಯಾನ ಮೇ ತಿಂಗಳಲ್ಲಿ ಮುಚ್ಚಿದ್ದು ಜುಲೈ ಕೊನೆಯವರೆಗೆ ತೆರೆಯಲಿಲ್ಲ.

ಉತ್ತರ ಅಮೆರಿಕದ ಮಹಾ ಸರೋವರಗಳು ಐದು: ಸುಪೀರಿಯರ್, ಮಿಚಿಗನ್, ಹ್ಯೂರಾನ್, ಈರಿ, ಒಂಟಾರಿಯೊ. ಎಲ್ಲ ಸೇರಿ ಸುಮಾರು 2.44 ಲಕ್ಷ ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕ 1.92 ಲಕ್ಷ ಚದರ ಕಿಲೋಮೀಟರ್ ಎಂಬುದನ್ನು ನೆನೆದರೆ ಅಗಾಧತೆ ತಿಳಿಯುತ್ತದೆ. ಭೂಮಿಯ ಮೇಲ್ಮೈಯಲ್ಲಿರುವ ಸಿಹಿನೀರಿನ ಸುಮಾರು ಐದನೇ ಒಂದು ಪಾಲು ಇಲ್ಲಿದೆ. ಟೊರೊಂಟೊ, ಮಿಸಿಸಾಗ, ಷಿಕಾಗೊ, ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಮಿಲ್ವಾಕೀ, ಬಫಲೊ, ಹೀಗೆ ಕನ್ನಡದ ಮನೆಗಳಿರುವ ಎಷ್ಟೋ ಊರುಗಳು ಈ ನೀರಿನ ದಡದಲ್ಲೇ ಇವೆ. ಇಂಥ ನೀರು ಒಂದಿಷ್ಟು ಏರಿದರೆ, ಇಳಿದರೆ ಏನಾದೀತು ಎಂದು ನಾವೂ ಬಂದ ಹೊಸದರಲ್ಲಿ ಅಂದುಕೊಂಡಿದ್ದೆವು.

ಲೆಕ್ಕಪತ್ರದ ಕಸುಬಿನವರಿಗೆ ಅಂಕಿ ಕಂಡರೆ ಸುಮ್ಮನಿರಲಾಗದು. ಐದರಲ್ಲಿ ವಿಸ್ತಾರದಲ್ಲಿ ಚಿಕ್ಕದಾದ ಒಂಟಾರಿಯೊ ಸರೋವರವೇ ಸುಮಾರು 19 ಸಾವಿರ ಚದರ ಕಿಲೋಮೀಟರ್. ಅದರ ಮಟ್ಟ ಒಂದು ಸೆಂಟಿಮೀಟರ್ ಏರಿತೆಂದರೆ 19 ಕೋಟಿ ಘನ ಮೀಟರ್ ನೀರು ಸೇರಿತೆಂದು ಅರ್ಥ. ನಮ್ಮೂರ ಭಾಷೆಯಲ್ಲಿ ಹೇಳುವುದಾದರೆ ಆರೂಮುಕ್ಕಾಲು ಟಿಎಂಸಿ. ಕೆಆರ್‌ಎಸ್ ಪೂರ್ತಿ ತುಂಬಿದಾಗ ಹಿಡಿಯುವುದು 49.45 ಟಿಎಂಸಿ. ಅಂದರೆ ಸರೋವರ ಏಳೂವರೆ ಸೆಂಟಿಮೀಟರ್, ಹೆಚ್ಚೆಂದರೆ ಮೂರು ಇಂಚು ಏರಿದರೆ ಒಂದು ತುಂಬಿದ ಕೆಆರ್‌ಎಸ್ ಬಂದು ಸೇರಿದಂತೆ. 2019ರ ಜೂನ್‌ನಲ್ಲಿ ಮಟ್ಟ 75.92 ಮೀಟರ್ ಮುಟ್ಟಿತು. ಎರಡೇ ವರ್ಷದ ಹಿಂದಿನ 75.88ರ ದಾಖಲೆಯೂ ಮುರಿಯಿತು. ಅದು ಆ ತಿಂಗಳ ಸರಾಸರಿಗಿಂತ ಮುಕ್ಕಾಲು ಮೀಟರ್‌ಗೂ ಹೆಚ್ಚು. ಹತ್ತು ಕೆಆರ್‌ಎಸ್ ನೀರು ಎಲ್ಲಿಗೂ ಹೋಗಲಾಗದೆ ದಡದ ಮನೆಗಳ ಮುಂದೆ ನಿಂತಿತ್ತು.

ಸರೋವರದ ಲೆಕ್ಕ ನಮ್ಮ ಅಂಗಡಿ ಲೆಕ್ಕದಂತೆಯೇ. ಜಮಾ ಕಡೆ ಮೂರು ಬಾಬ್ತು: ಮೇಲೆ ಬೀಳುವ ಮಳೆ-ಹಿಮ, ಸುತ್ತಲಿನ ನೆಲದಿಂದ ಹರಿದು ಬರುವ ನೀರು, ಮೇಲಿನ ಸರೋವರದಿಂದ ಇಳಿದು ಬರುವ ನೀರು. ಖರ್ಚಿನ ಕಡೆ ಹೊರಹರಿವು ಮತ್ತು ಆವಿ. ಈ ಆವಿಯ ಬಾಬ್ತು ನಮ್ಮಂಥವರನ್ನು ಮೋಸಗೊಳಿಸುತ್ತದೆ. ನಮ್ಮಲ್ಲಿ ಏಪ್ರಿಲ್-ಮೇ ಬಿಸಿಲಿಗೆ ಕೆರೆ ಒಣಗುವುದನ್ನು ಕಂಡವರು ಇಲ್ಲೂ ಬೇಸಿಗೆಯಲ್ಲೇ ನೀರು ಹಾರುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ. ಇಲ್ಲಿ ಹೆಚ್ಚು ನೀರು ಆವಿಯಾಗುವುದು ಶರತ್ಕಾಲ ಮತ್ತು ಚಳಿಗಾಲದ ಆರಂಭದಲ್ಲಿ. ಬೇಸಿಗೆಯ ಬಿಸಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ನೀರಿನ ಮೇಲೆ ಉತ್ತರದ ಒಣ ಚಳಿಗಾಳಿ ಬೀಸಿದಾಗ ಸರೋವರ ಕುದಿಯುವ ಪಾತ್ರೆಯ ಹಾಗೆ ಹೊಗೆಯಾಡುತ್ತದೆ. ಆ ತೇವವೇ ಆಚೆ ದಡದಲ್ಲಿ ಹಿಮವಾಗಿ ಸುರಿಯುತ್ತದೆ. 2022ರ ನವೆಂಬರ್‌ನಲ್ಲಿ ಬಫಲೊ ಸುತ್ತಮುತ್ತ ಕೆಲವೇ ದಿನದಲ್ಲಿ ಆರಡಿಗೂ ಮೀರಿ ಹಿಮ ಬಿದ್ದದ್ದು ಹೀಗೆ.

ಇದಕ್ಕೆ ಮುಚ್ಚಳವೆಂದರೆ ಮಂಜುಗಡ್ಡೆ. ವರ್ಷದಲ್ಲಿ ಅತಿ ಹೆಚ್ಚು ಗಟ್ಟಿಯಾದ ದಿನ ಸರಾಸರಿಯಾಗಿ ಸರೋವರಗಳ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಮಂಜಿನಿಂದ ಮುಚ್ಚಿರುತ್ತದೆ. 2014ರಲ್ಲಿ ಅದು ಶೇ 92 ದಾಟಿತ್ತು. 2024ರ ಚಳಿಗಾಲದಲ್ಲಿ ಶೇ 16ರಷ್ಟೇ. ಮುಚ್ಚಳವಿಲ್ಲದಿದ್ದರೆ ಆವಿ ಹೆಚ್ಚು. ಜೊತೆಗೆ ಚಳಿಗಾಲದ ಬಿರುಗಾಳಿಯ ಅಲೆಗಳು ನೇರವಾಗಿ ದಡಕ್ಕೆ ಬಡಿದು ಮಣ್ಣು ಕೊರೆಯುತ್ತವೆ. ಇನ್ನೊಂದೆಡೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು, ಆದ್ದರಿಂದ ಬಿದ್ದಾಗ ಮಳೆ ಒಮ್ಮೆಗೇ ಜೋರಾಗಿ ಬೀಳುತ್ತದೆ. ಹವಾಮಾನ ಬದಲಾವಣೆ ಜಮಾ-ಖರ್ಚು ಎರಡನ್ನೂ ಹಿಗ್ಗಿಸಿದೆ. ಒಂದು ವರ್ಷ ಜಮಾ ಗೆದ್ದರೆ ಇನ್ನೊಂದು ವರ್ಷ ಖರ್ಚು ಗೆಲ್ಲುತ್ತದೆ.

ಮಿಚಿಗನ್-ಹ್ಯೂರಾನ್ ಸರೋವರಗಳನ್ನೇ ನೋಡಿ. ಮ್ಯಾಕಿನಾ ಜಲಸಂಧಿಯಲ್ಲಿ ಕೂಡಿಕೊಂಡಿರುವುದರಿಂದ ನೀರಿನ ಲೆಕ್ಕಕ್ಕೆ ಅವೆರಡೂ ಒಂದೇ. 2013ರ ಜನವರಿಯಲ್ಲಿ ಅಲ್ಲಿನ ಮಟ್ಟ ದಾಖಲೆಯಲ್ಲೇ ಅತಿ ಕೆಳಗಿಳಿಯಿತು. ಹಡಗುಗಳು ಸರಕು ಕಡಿಮೆ ತುಂಬಿ ಸಾಗಿದವು, ದೋಣಿಕಟ್ಟೆಗಳು ಕೆಸರಿನ ಮೇಲೆ ನಿಂತವು. ಸರೋವರ ಬತ್ತುತ್ತಿದೆ ಎಂದು ಆಗ ಎಲ್ಲರೂ ಹೇಳಿದರು. ಏಳು ವರ್ಷ ಕಳೆದು 2020ಕ್ಕೆ ಅದೇ ಸರೋವರ ಹತ್ತಿರಹತ್ತಿರ ಎರಡು ಮೀಟರ್ ಮೇಲಕ್ಕೆ ಬಂದು, ಜನವರಿಯಿಂದ ಆಗಸ್ಟ್‌ವರೆಗೆ ತಿಂಗಳು ತಿಂಗಳೂ ಹೊಸ ದಾಖಲೆ ಬರೆಯಿತು. ದಿಬ್ಬ ಕುಸಿದು ಮನೆಗಳು ನೀರಿಗೆ ಜಾರಿದವು. ಈ ಎರಡು ವರ್ಷಗಳ ಸರಾಸರಿ ತೆಗೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ! ಸರಾಸರಿ ನಂಬಿ ಕಟ್ಟಿದ ಮನೆ, ಸರಾಸರಿ ನಂಬಿ ಬರೆದ ವಿಮೆ, ಸರಾಸರಿ ನಂಬಿ ಹಾಕಿದ ಚರಂಡಿ ಮೂರೂ ಈಗ ಪರೀಕ್ಷೆಗೆ ಕೂತಿವೆ. ಮಟ್ಟ ಇಳಿಯುತ್ತದೆಂದು ಹಿಂದೆ ಹೇಳುತ್ತಿದ್ದ ವಿಜ್ಞಾನಿಗಳ ಅಂದಾಜು ಈಚೆಗೆ ಏರಿಕೆಯ ಕಡೆ ವಾಲಿದೆ. ಏರಿಳಿತ ಹೆಚ್ಚೀತು ಎನ್ನುವ ಮಾತು ಮಾತ್ರ ಗಟ್ಟಿಯಾಗುತ್ತಿದೆ.

ಅಣೆಕಟ್ಟು ಇಲ್ಲವೇ, ಗೇಟು ತೆಗೆಯಬಾರದೇ ಎಂದು ನಮ್ಮವರು ತಕ್ಷಣ ಕೇಳುತ್ತಾರೆ. ಮಿಚಿಗನ್-ಹ್ಯೂರಾನ್‌ನ ಬಾಯಿಗೆ ಗೇಟೇ ಇಲ್ಲ. ಒಂಟಾರಿಯೊ ಸರೋವರದ ಕೆಳಗೆ, ಸೇಂಟ್ ಲಾರೆನ್ಸ್ ನದಿಗೆ ಅಡ್ಡಲಾಗಿ ಮೋಸಸ್-ಸೌಂಡರ್ಸ್ ಅಣೆಕಟ್ಟು ಇದೆ. ಅಮೆರಿಕ ಮತ್ತು ಕೆನಡಾ 1909ರಲ್ಲಿ ಮಾಡಿಕೊಂಡ ಗಡಿ ನೀರಿನ ಒಪ್ಪಂದದಿಂದ ಹುಟ್ಟಿದ ಜಂಟಿ ಆಯೋಗ ಅದರ ಹರಿವನ್ನು ತೀರ್ಮಾನಿಸುತ್ತದೆ. ಎರಡೂ ದೇಶದಿಂದ ಮೂರು ಮೂರು ಸದಸ್ಯರು. 2017ರ ಜನವರಿಯಲ್ಲಿ ಹೊಸ ಹರಿವಿನ ನಿಯಮ ಜಾರಿಗೆ ಬಂತು, ಅದೇ ವಸಂತದಲ್ಲಿ ನೆರೆಯೂ ಬಂತು. ನಿಯಮವೇ ಕಾರಣ ಎಂದು ನ್ಯೂಯಾರ್ಕ್ ಕಡೆಯ ದಡದವರು ಸಿಟ್ಟಾದರು. 2019ರ ನೆರೆಯ ನಂತರ ನ್ಯೂಯಾರ್ಕ್ ರಾಜ್ಯ ಆಯೋಗದ ಮೇಲೆ ಮೊಕದ್ದಮೆಯನ್ನೇ ಹೂಡಿತು. ಆ ಸಿಟ್ಟು ನಮಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಗೇಟು ಪೂರ್ತಿ ತೆಗೆದರೆ ಕೆಳಗೆ ಮಾಂಟ್ರಿಯಲ್ ಇದೆ. ಅದೇ ಹೊತ್ತಿಗೆ ಒಟ್ಟಾವ ನದಿಯೂ ಉಕ್ಕಿ ಅಲ್ಲಿಗೇ ಬಂದು ಸೇರುತ್ತಿತ್ತು. ವಿಶಾಲ ಸರೋವರದಲ್ಲಿ ಒಂದು ಸೆಂಟಿಮೀಟರ್ ಇಳಿಸಲು ಬಿಟ್ಟ ನೀರು ಕೆಳಗಿನ ನದಿಯಲ್ಲಿ ಅದರ ಹಲವು ಪಟ್ಟು ಏರುತ್ತದೆ. 2019ರ ಏಪ್ರಿಲ್‌ನಲ್ಲಿ ಮಾಂಟ್ರಿಯಲ್ ಬಳಿಯ ಒಂದು ಊರಿನ ತಡೆಗೋಡೆ ಒಡೆದು ಆರು ಸಾವಿರಕ್ಕೂ ಹೆಚ್ಚು ಜನ ರಾತ್ರೋರಾತ್ರಿ ಮನೆ ಬಿಟ್ಟಿದ್ದರು. ತೂಬಿನ ಕೀಲಿ ಕೈಯಲ್ಲಿರುವವನಿಗೆ ಮಳೆಯ ಮೇಲೆ ಅಧಿಕಾರವಿಲ್ಲ ಎಂಬುದು ಕಾವೇರಿ ಕಣಿವೆಯವರಿಗೆ ಗೊತ್ತಿರುವ ಮಾತೇ. ಇಲ್ಲಿನವರಿಂದ ನಾವು ಕಲಿಯಬಹುದಾದದ್ದು ಒಂದಿದೆ. ಜಗಳ ಎಷ್ಟೇ ಇರಲಿ, ಮಟ್ಟ ಅಳೆಯುವ ಪುಸ್ತಕ ಎರಡೂ ದೇಶಕ್ಕೆ ಒಂದೇ. ಅಂಕಿಯ ಬಗ್ಗೆ ತಕರಾರಿಲ್ಲ.

ಇಷ್ಟು ನೀರಿರುವಾಗ ಚಿಂತೆ ಯಾಕೆ ಎನ್ನುವವರಿಗೆ ಇನ್ನೊಂದು ಲೆಕ್ಕ ಹೇಳಬೇಕು. ಈ ನೀರಿನ ಬಹುಪಾಲು ಹಿಮಯುಗ ಕರಗುವಾಗ ಬಿಟ್ಟುಹೋದ ಅಸಲು. ವರ್ಷ ವರ್ಷ ಮಳೆ-ಹಿಮದಿಂದ ಹೊಸದಾಗಿ ಸೇರುವುದು ಶೇ 1ರಷ್ಟು, ಅದೇ ಬಡ್ಡಿ. ಬಡ್ಡಿಯಲ್ಲಿ ಬದುಕಬೇಕು, ಅಸಲು ಮುಟ್ಟಬಾರದು ಎಂದೇ 2008ರಲ್ಲಿ ಎಂಟು ಅಮೆರಿಕನ್ ರಾಜ್ಯಗಳ ಒಡಂಬಡಿಕೆ ಕಾನೂನಾಗಿ, ಕಣಿವೆಯಾಚೆಗೆ ನೀರು ಸಾಗಿಸುವುದಕ್ಕೆ ಬಹುತೇಕ ತಡೆ ಬಿತ್ತು. ಅದಕ್ಕೂ ಮೊದಲು, 1998ರಲ್ಲಿ, ಸುಪೀರಿಯರ್ ಸರೋವರದ ನೀರನ್ನು ಹಡಗಿನಲ್ಲಿ ಏಷ್ಯಾಕ್ಕೆ ಮಾರಲು ಒಂಟಾರಿಯೊ ಪ್ರಾಂತ್ಯ ಪರವಾನಗಿ ಕೊಟ್ಟು, ಜನ ಗಲಾಟೆ ಮಾಡಿದ ಮೇಲೆ ಹಿಂದಕ್ಕೆ ಪಡೆದದ್ದೂ ಉಂಟು. ನೀರು ಕಣ್ಣೆದುರಿಗಿದ್ದೂ ಕುಡಿಯಲಾಗದ ದಿನವೂ ಬಂದಿದೆ. 2014ರ ಆಗಸ್ಟ್‌ನಲ್ಲಿ ಈರಿ ಸರೋವರದ ಹಸಿರು ಪಾಚಿಯ ವಿಷ ಸೇರಿ ಟೊಲೀಡೊ ನಗರದಲ್ಲಿ ಲಕ್ಷಾಂತರ ಜನ ಎರಡು-ಮೂರು ದಿನ ನಲ್ಲಿ ನೀರು ಮುಟ್ಟಲಿಲ್ಲ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ವಸಂತದ ಜೋರು ಮಳೆ ಹೊಲದ ಗೊಬ್ಬರವನ್ನು ಕೊಚ್ಚಿ ತಂದು, ಬೆಚ್ಚಗಿನ ನೀರು ಅದಕ್ಕೆ ಹದ ಕೊಟ್ಟರೆ ಪಾಚಿ ಬೆಳೆಯದೇ ಇನ್ನೇನು?

ಈಗ ಈ ಪುಟ ಓದುವ ಮನೆಗಳಿಗೆ ನೇರವಾಗಿ ತಟ್ಟುವ ಮಾತು. ನಮಗೆ ಪರಿಚಯದ ಒಂದು ಕುಟುಂಬ ಸರೋವರಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಕೊಂಡಿತು. ಮುಂಗಡ ಹಣದ ದೊಡ್ಡ ಪಾಲು ತಿಪಟೂರು ಕಡೆಯ ತೆಂಗಿನ ತೋಟದ ಒಂದು ತುಂಡು ಮಾರಿ ಬಂದದ್ದು. 2017ರಲ್ಲಿ ಬೇಸ್‌ಮೆಂಟಿನ ಸಂಪ್ ಪಂಪ್ ಹಗಲೂ ರಾತ್ರಿ ಓಡಿತು, ಕೊನೆಗೆ ಸೋತಿತು. ವಿಮೆ ಕಂಪನಿಗೆ ಬರೆದರೆ, ಸರೋವರದ ನೀರು ಪಾಲಿಸಿಯಲ್ಲಿಲ್ಲ ಎಂಬ ಎರಡು ಸಾಲಿನ ಉತ್ತರ. ಪಾಲಿಸಿ ನಾವೂ ಓದಿದೆವು. ಆ ಮಾತು ಅದರಲ್ಲಿ ಇತ್ತು, ಚಿಕ್ಕ ಅಕ್ಷರದಲ್ಲಿ. ಸಹಿ ಹಾಕುವ ದಿನ ಯಾರೂ ಓದಿರಲಿಲ್ಲ, ಲೆಕ್ಕಿಗರಾಗಿ ನಾವೂ ನೋಡಿಕೊಡುತ್ತೇವೆ ಎಂದಿರಲಿಲ್ಲ. ಆ ಅಳುಕು ಇನ್ನೂ ಇದೆ. ಊರಿನಲ್ಲಿರುವ ಅಪ್ಪನಿಗೆ ಮಗ ಈ ವಿಷಯ ಇವತ್ತಿಗೂ ಹೇಳಿಲ್ಲ.

ಮನೆ ಕೊಳ್ಳದವರೂ ಇದರಿಂದ ಹೊರಗಿಲ್ಲ. ಓದಲು ಬಂದ ನಮ್ಮ ಮಕ್ಕಳು ಬಾಡಿಗೆ ಉಳಿಸಲು ಇರುವುದು ಬೇಸ್‌ಮೆಂಟಿನಲ್ಲೇ. 2024ರ ಜುಲೈ 16ರಂದು ಟೊರೊಂಟೊದಲ್ಲಿ ಕೆಲವೇ ಗಂಟೆಗಳಲ್ಲಿ ಸುಮಾರು 10 ಸೆಂಟಿಮೀಟರ್ ಮಳೆ ಸುರಿದು ಹೆದ್ದಾರಿಯೇ ಮುಳುಗಿತು. ಅದು ಸರೋವರ ಉಕ್ಕಿದ್ದಲ್ಲ, ಚರಂಡಿ ತಡೆಯಲಾರದ ಮಳೆ. ಆದರೆ ತಳದಲ್ಲಿ ಮಲಗಿದ ಹುಡುಗನಿಗೆ ಎರಡಕ್ಕೂ ವ್ಯತ್ಯಾಸವೇನು? ನೀರು ಬರುವುದು ಅವನ ಹಾಸಿಗೆಗೇ, ಪಾಸ್‌ಪೋರ್ಟು ಇಟ್ಟ ಸೂಟ್‌ಕೇಸಿಗೇ.

ಆದ್ದರಿಂದ ಊರಿನಿಂದ ಹಣ ಕಳಿಸುವ ಮೊದಲು ಹಿರಿಯರು ಕೇಳಬೇಕು. ಮಕ್ಕಳು ಬೇಸರಪಟ್ಟುಕೊಂಡರೂ ಕೇಳಬೇಕು. ಮನೆ ನೆರೆ ನಕ್ಷೆಯೊಳಗೆ ಇದೆಯೇ? ಒಂಟಾರಿಯೊದಲ್ಲಾದರೆ ಆಯಾ ಜಲಾನಯನದ ಸಂರಕ್ಷಣಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ಚರಂಡಿ ನೀರು ಹಿಮ್ಮುಖವಾಗಿ ನುಗ್ಗಿದರೆ ವಿಮೆ ಉಂಟೇ? ನೆಲದ ಮೇಲೆ ಹರಿದು ಬಂದ ನೀರಿಗೆ ಉಂಟೇ? ಸರೋವರದ ಅಲೆಗೆ? ಮೂರೂ ಬೇರೆ ಬೇರೆ ಬಾಬ್ತು, ಒಂದಕ್ಕೆ ಹೌದೆಂದರೆ ಉಳಿದೆರಡಕ್ಕೂ ಹೌದೆಂದಲ್ಲ. ಚರಂಡಿಗೆ ಹಿಮ್ಮುಖ ತಡೆಯ ವಾಲ್ವ್ ಹಾಕಿಸಲು ಟೊರೊಂಟೊ ನಗರಸಭೆ ಸಹಾಯಧನ ಕೊಡುತ್ತದೆ, ಅದನ್ನು ಪಡೆದ ನಮ್ಮವರು ವಿರಳ. ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವದ ನಡುವೆ ಒಂದು ಶನಿವಾರ ಸಂಜೆಯನ್ನು ಇದಕ್ಕೆ ಕೊಟ್ಟರೆ, ವಿಮೆ ಬಲ್ಲವರು, ಮನೆ ತಪಾಸಣೆ ಮಾಡುವವರು ನಮ್ಮೊಳಗೇ ಇದ್ದಾರೆ.

ಒಂಟಾರಿಯೊ ಸರೋವರ ಸಾಮಾನ್ಯವಾಗಿ ಅತಿ ಎತ್ತರ ಇರುವುದು ಜೂನ್ ಹೊತ್ತಿಗೆ. ಊರಿನ ಬಿಸಿಲು ತಪ್ಪಿಸಿಕೊಂಡು ಅಪ್ಪ-ಅಮ್ಮಂದಿರು ವಿಮಾನ ಇಳಿಯುವುದೂ ಹೆಚ್ಚುಕಡಿಮೆ ಆಗಲೇ. ನಯಾಗರ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಬೇಸ್‌ಮೆಂಟಿಗೆ ಇಳಿದು, ಸಂಪ್ ಪಂಪ್ ಎಲ್ಲಿದೆ, ಕರೆಂಟ್ ಹೋದರೆ ಅದು ಓಡುತ್ತದೆಯೇ, ಪಾಸ್‌ಪೋರ್ಟು ಮತ್ತು ಸರ್ಟಿಫಿಕೇಟುಗಳು ನೆಲದಿಂದ ಎಷ್ಟು ಮೇಲಿವೆ ಎಂದು ನೋಡಲಿ.