ಡಬ್ಬ ಹೋಗಲಿ, ಆಟ ಇರಲಿ

ಮುಂಬೈ ಕಡೆಯ ಮನೆಗಳಲ್ಲಿ ಯಾರಾದರೂ ಇರಲು ಬರುತ್ತಾರೆಂದರೆ ಮೊದಲು ಏಳುವ ಪ್ರಶ್ನೆ, ಅವರ ಬಟ್ಟೆ ಎಲ್ಲಿಡುವುದು? ಕಳೆದ ವರ್ಷ ಅಪ್ಪ ಹುಬ್ಬಳ್ಳಿಯ ಮನೆ ಬಿಟ್ಟು ಡೊಂಬಿವಲಿಯ ನಮ್ಮ ಒನ್ ಬಿಎಚ್‌ಕೆಗೆ ಬಂದರು. ಕಪಾಟಿನಲ್ಲಿ ತೆರವು ಮಾಡಬಹುದಾಗಿದ್ದದ್ದು ಎರಡೇ ಖಾನೆ. ಅಲ್ಲಿ ನನ್ನ ನೂರು ವಿಡಿಯೋ ಗೇಮ್‌ಗಳಿದ್ದವು. ‘ನನ್ನ ಸಲುವಾಗಿ ಏನೂ ತೆಗೀಬ್ಯಾಡಪಾ, ಅರಿವಿ ಸೂಟ್‌ಕೇಸಿನಾಗ ಇರ್ತಾವ’ ಎಂದರು ಅಪ್ಪ. ಅಪ್ಪನ ಬಟ್ಟೆ ಸೂಟ್‌ಕೇಸಿನಲ್ಲೇ ಇದ್ದರೆ ಅದು ಮನೆಯಲ್ಲ, ಲಾಡ್ಜು. ಖಾನೆ ತೆರವಾಗಲೇಬೇಕಿತ್ತು.

ಎರಡು ಸಲಹೆ ಬಂದವು. ಆಫೀಸಿನ ಗೆಳೆಯ ಹೇಳಿದ: ಮಾರಿಬಿಡು, ಈಗ ಎಲ್ಲ ಡೌನ್‌ಲೋಡ್ ಸಿಗುತ್ತದೆ. ಸಂಗ್ರಹದ ಹುಚ್ಚಿರುವ ಇನ್ನೊಬ್ಬ ಹೇಳಿದ: ಡಬ್ಬಸಮೇತ ಲಾಫ್ಟಿಗೆ ಹಾಕು, ಡಬ್ಬ ಇಲ್ಲದಿದ್ದರೆ ಬೆಲೆ ಇಲ್ಲ. ಎರಡನ್ನೂ ನಾನು ಒಪ್ಪುವುದಿಲ್ಲ.

ಎಲ್ಲ ಸಿಗುತ್ತದೆ ಎನ್ನುವುದು ನಿಜವಲ್ಲ. ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟವನ್ನು 2023ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಹಾಗೆಂದು ಡಿಸ್ಕ್ ಇದ್ದರೆ ಸಾಕು ಎಂದೂ ಅಲ್ಲ. ಯೂಬಿಸಾಫ್ಟ್‌ನ ‘ದ ಕ್ರೂ’ ಆಟದ ಸರ್ವರ್ 2024ರ ಮಾರ್ಚ್ ಕೊನೆಗೆ ಮುಚ್ಚಿದಾಗ, ಡಿಸ್ಕ್ ಕೊಂಡವರ ಕೈಯಲ್ಲೂ ಉಳಿದದ್ದು ಬರೀ ಪ್ಲಾಸ್ಟಿಕ್ಕು. ಇನ್ನು ಲಾಫ್ಟ್. ನಮ್ಮ ಕಡೆಯ ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುತ್ತದೆ. ಕಣ್ಣಿಗೆ ಬೀಳದ ಜಾಗದಲ್ಲಿಟ್ಟ ಡಿಸ್ಕಿನ ಗತಿ ಕೇಳುವವರು ಯಾರು?

ಹಾಗಾಗಿ ಅಳೆದು ನೋಡಿದೆ. ಒಂದು ಡಿವಿಡಿ ಡಬ್ಬದ ದಪ್ಪ 14 ಮಿಲಿಮೀಟರ್, ಒಳಗಿನ ಡಿಸ್ಕಿನದು 1.2. ನೂರು ಡಬ್ಬಗಳಿಗೆ ಸುಮಾರು ಒಂದೂವರೆ ಮೀಟರ್ ಉದ್ದದ ಜಾಗ ಬೇಕು. ನೂರು ಡಿಸ್ಕ್ ಪೇರಿಸಿದರೆ ಒಂದು ಗೇಣೂ ಆಗುವುದಿಲ್ಲ. ಇಷ್ಟು ದಿನ ನಾನು ಕಾಪಾಡಿಕೊಂಡು ಬಂದದ್ದು ಬಹುಪಾಲು ಗಾಳಿಯನ್ನು.

ಆಮೇಲೆ ಪ್ರತಿ ಆಟಕ್ಕೂ ಎರಡು ಪ್ರಶ್ನೆ ಹಾಕಿದೆ. ಇಂಟರ್‌ನೆಟ್ ಇಲ್ಲದೆ ಇದು ನಡೆಯುತ್ತದೆಯೇ? ಹೋದರೆ ಮತ್ತೆ ಸಿಗುವುದು ಕಷ್ಟವೇ? ಎರಡಕ್ಕೂ ಹೌದು ಎಂದವು ಮೂವತ್ತೆಂಟು. ಅವು ಮೆತ್ತನೆ ಬಟ್ಟೆಯ ಒಳಪದರವಿರುವ ಒಂದು ಪಾಕೀಟಿಗೆ ಬಂದವು. ಬರೀ ಪ್ಲಾಸ್ಟಿಕ್ ಹಾಳೆಯದು ಬೇಡ, ಸೆಖೆಗೆ ಡಿಸ್ಕಿಗೆ ಅಂಟಿಕೊಳ್ಳಬಹುದು. ಮೇಲುಹೊದಿಕೆಯ ಚಿತ್ರಗಳು ಒಂದು ಫೈಲಿಗೆ ಹೋದವು. ಗಾಳಿಯಾಡದ ಡಬ್ಬಿಯೊಂದರಲ್ಲಿ ಪಾಕೀಟು, ಸಿಲಿಕಾ ಜೆಲ್ ಪೊಟ್ಟಣ, ಯಂತ್ರದ ವೈರು. ಈ ವೈರನ್ನು ಮಾತ್ರ ಎಸೆಯಬೇಡಿ; ಡಬ್ಬ ಇಲ್ಲದೆ ಆಟ ನಡೆಯುತ್ತದೆ, ವೈರು ಇಲ್ಲದೆ ನಡೆಯುವುದಿಲ್ಲ.

ಉಳಿದವುಗಳಲ್ಲಿ ಒಂದು ‘ಕ್ರಿಕೆಟ್ 07’. 2006ರಲ್ಲಿ ಬಂದದ್ದು; ಇಎ ಸ್ಪೋರ್ಟ್ಸ್ ಆಮೇಲೆ ಕ್ರಿಕೆಟ್ ಆಟ ತರಲೇ ಇಲ್ಲ. ಪರವಾನಗಿ ಇಲ್ಲದ್ದರಿಂದ ಅದರಲ್ಲಿ ಭಾರತದ ಆಟಗಾರರ ಹೆಸರುಗಳೆಲ್ಲ ತಿರುಚಿದ್ದವು. ಹುಬ್ಬಳ್ಳಿಯಲ್ಲಿ ನಾನೂ ತಮ್ಮನೂ ಒಂದು ರಜೆಯಲ್ಲಿ ಕೂತು ಅವನ್ನು ತಿದ್ದಿದ್ದೆವು. ಮೂರನೇ ಕ್ರಮಾಂಕಕ್ಕೆ ತಮ್ಮ ಅಪ್ಪನ ಹೆಸರು ಹಾಕಿದ್ದ. ಅದು ಯಾವ ಅಂಗಡಿಯಲ್ಲೂ ಡೌನ್‌ಲೋಡ್ ಸಿಗುವುದಿಲ್ಲ, 8 ಎಂಬಿಯ ಒಂದು ಮೆಮೊರಿ ಕಾರ್ಡಿನಲ್ಲಿ ಮಾತ್ರ ಇದೆ. ಸಂಗ್ರಹದಲ್ಲಿ ಹಾಗೆ ಮತ್ತೆ ಸಿಗದ್ದು ಏನಿದೆ ಎಂದು ತಿಳಿಯಬೇಕಾದರೆ ಒಮ್ಮೆ ಎಲ್ಲವನ್ನೂ ನೆಲಕ್ಕೆ ಸುರಿಯಬೇಕು. ಇಕ್ಕಟ್ಟಿನ ಮನೆ ಆ ಕೆಲಸ ಮಾಡಿಸಿತು; ದೊಡ್ಡ ಮನೆಯಾಗಿದ್ದರೆ ಕಾರ್ಡು ಯಾವುದೋ ಡಬ್ಬದಲ್ಲಿ ಹಾಗೇ ಕೂತಿರುತ್ತಿತ್ತು.

ಒಂದು ಭಾನುವಾರ ಟಿವಿಗೆ ಯಂತ್ರ ಜೋಡಿಸಿ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ತಮ್ಮ ಹೆಸರು ಓದಿ, ‘ಎಷ್ಟು ರನ್ ಹೊಡದೇನಿ?’ ಎಂದರು. ಅವರ ಅಂಗಿಗಳು ಈಗ ಮೇಲಿನ ಖಾನೆಯಲ್ಲಿವೆ. ಡಬ್ಬಿ ಟಿವಿಯ ಕೆಳಗೆ, ಕೈಗೆ ಸಿಗುವಲ್ಲಿದೆ.