ಅಂದಾಜು ಪಟ್ಟಿಯಲ್ಲಿ ಇರದ ಅಂಕಣ

ಸೇತುವೆಯಾಗಲಿ, ಸಭಾಭವನವಾಗಲಿ, ಶಂಕುಸ್ಥಾಪನೆಯ ದಿನ ಇಷ್ಟು ಲಕ್ಷ, ಇಷ್ಟು ತಿಂಗಳು ಎಂದು ಎರಡು ಸಂಖ್ಯೆಗಳನ್ನು ಘೋಷಿಸುವುದು ವಾಡಿಕೆ. ಅವು ತಪ್ಪಿದಾಗ ಗುತ್ತಿಗೆದಾರನನ್ನು ದೂರುವುದೂ ವಾಡಿಕೆಯೇ. ದೂರುವ ಮುನ್ನ, ಆ ಸಂಖ್ಯೆಗಳು ಹೇಳಿದ ದಿನ ಎಷ್ಟು ಪ್ರಾಮಾಣಿಕವಾಗಿದ್ದವು ಎಂದು ವಿಚಾರಿಸುವುದು ಲೇಸು.

ಕೊಂಕಣ ರೈಲು ಮಾರ್ಗದ ಕಥೆ ಕರಾವಳಿಯ ವಾಚಕರಿಗೆ ಪರಿಚಿತ. 1990ರಲ್ಲಿ ನಿಗಮ ಸ್ಥಾಪನೆಯಾದಾಗ ಐದು ವರ್ಷಗಳೊಳಗೆ ಎಲ್ಲವೂ ಮುಗಿಯುವುದೆಂಬ ನಿರೀಕ್ಷೆಯಿತ್ತು. ಮಂಗಳೂರು-ಉಡುಪಿ ನಡುವೆ 1993ರಲ್ಲೇ ರೈಲು ಓಡಿತಾದರೂ ಇಡೀ ಮಾರ್ಗ ತೆರೆದದ್ದು 1998ರ ಜನವರಿ 26ರಂದು. ಗೋವೆಯಲ್ಲಿ ಮಾರ್ಗದ ಕುರಿತು ಎದ್ದ ವಿವಾದವೂ ತಡಕ್ಕೆ ಕಾರಣ. ಆದರೆ ಹೆಚ್ಚು ಕಾಡಿದ್ದು ಮೆದುಮಣ್ಣಿನ ಸುರಂಗಗಳು. ಬಂಡೆಯನ್ನು ಕೊರೆಯಲು ಯಂತ್ರಗಳಿದ್ದವು. ನೀರು ತುಂಬಿದ ಜೇಡಿಮಣ್ಣಿನೆದುರು ಅವು ಪ್ರಯೋಜನಕ್ಕೆ ಬರಲಿಲ್ಲ. ಗೋವೆಯ ಪೆರ್ನೆಮ್ ಸುರಂಗದಲ್ಲಿ ಅಗೆದದ್ದು ಮತ್ತೆ ಮತ್ತೆ ಕುಸಿಯಿತು. ಸಾಲಪತ್ರಗಳ ಮೂಲಕ ಎತ್ತಿದ ಹಣಕ್ಕೆ, ಕೆಲಸ ನಿಂತ ತಿಂಗಳುಗಳಲ್ಲೂ ಬಡ್ಡಿ ಬೆಳೆಯಿತು. ಇಡೀ ಯೋಜನೆಯಲ್ಲಿ 74 ಮಂದಿ ಪ್ರಾಣ ತೆತ್ತರು.

ಇದು ಭೂಮಿಯೇ ಬಚ್ಚಿಟ್ಟ ಅನಿಶ್ಚಿತತೆ. ಮನುಷ್ಯರು ತಾವಾಗಿಯೇ ಕಣ್ಣು ಮುಚ್ಚಿಕೊಂಡು ತಂದುಕೊಳ್ಳುವುದು ಬೇರೆ ಬಗೆಯದು. ಆಸ್ಟ್ರೇಲಿಯದ ಸಿಡ್ನಿ ಒಪೆರಾ ಹೌಸ್ ಅದಕ್ಕೆ ನಿದರ್ಶನ. ಛಾವಣಿಯ ರಚನೆ ಇತ್ಯರ್ಥವಾಗುವ ಮೊದಲೇ, ಸರಕಾರದ ಆತುರದಿಂದ, 1959ರಲ್ಲಿ ತಳಕಟ್ಟಡದ ಕೆಲಸ ತೊಡಗಿತು. ಬಳಿಕ ಕಂಬಗಳು ಆ ಭಾರವನ್ನು ಹೊರಲಾರವೆಂದು ತಿಳಿದು ಅವನ್ನು ಮತ್ತೆ ಕಟ್ಟಬೇಕಾಯಿತು. 1963ಕ್ಕೆ ಮುಗಿಯಬೇಕಾದದ್ದು ಮುಗಿದದ್ದು 1973ರಲ್ಲಿ. ಎಪ್ಪತ್ತು ಲಕ್ಷ ಡಾಲರುಗಳ ಅಂದಾಜು ಹತ್ತು ಕೋಟಿಯನ್ನು ದಾಟಿತು. ಇಂದು ಜಗತ್ತೇ ಮೆಚ್ಚುವ ಕಟ್ಟಡವದು. ಹಾಗೆಂದು ಆ ಅಂದಾಜು ಸರಿಯಾಗಿತ್ತು ಎನ್ನಲಾಗದು.

ಡೆನ್ಮಾರ್ಕಿನ ವಿದ್ವಾಂಸ ಬೆಂಟ್ ಫ್ಲೂಬ್ಯರ್ ಮತ್ತು ಸಂಗಡಿಗರು 258 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಅಂದಾಜನ್ನು ಮೀರಿದ್ದವು. ರೈಲು ಯೋಜನೆಗಳು ಸರಾಸರಿ ಶೇಕಡಾ 45ರಷ್ಟು. ಬರಿಯ ತಪ್ಪು ಲೆಕ್ಕವಾಗಿದ್ದರೆ ಅರ್ಧದಷ್ಟಾದರೂ ಅಂದಾಜಿಗಿಂತ ಕಡಿಮೆಯಲ್ಲಿ ಮುಗಿಯಬೇಕಿತ್ತಲ್ಲವೆ? ತಕ್ಕಡಿ ಸದಾ ಒಂದೇ ಕಡೆ ವಾಲಿದರೆ ತೂಗುವವನ ಕೈಯನ್ನೂ ನೋಡಬೇಕಾಗುತ್ತದೆ. ಮಂಜೂರಾತಿ ಸಿಗಲೆಂದೇ ಖರ್ಚನ್ನು ಕಿರಿದಾಗಿಸಿ ತೋರಿಸುವುದುಂಟು ಎಂಬುದು ಆ ವರದಿಯ ತೀರ್ಮಾನ.

ಆ ಕೈಯನ್ನು ಒತ್ತುವವರಲ್ಲಿ ನಾವೂ ಸೇರಿದ್ದೇವೆ ಎಂಬುದು ನಮ್ಮ ಅಭಿಪ್ರಾಯ. "ಎಂಟರಿಂದ ಹದಿನಾಲ್ಕು ತಿಂಗಳು, ಮಣ್ಣು ನೋಡಿ ಹೇಳಬೇಕು" ಎನ್ನುವ ಎಂಜಿನಿಯರು ಸಭೆಗೆ ಅಸಮರ್ಥನಾಗಿ ಕಾಣುತ್ತಾನೆ. "ಹಬ್ಬಕ್ಕೆ ಮುಗಿಸಿಕೊಡುತ್ತೇನೆ" ಎಂದವನಿಗೆ ಚಪ್ಪಾಳೆ. ವಿಷಯವು ಒಪ್ಪುವಷ್ಟೇ ನಿಖರತೆಯನ್ನು ಕೇಳುವುದು ವಿವೇಕಿಯ ಲಕ್ಷಣವೆಂದು ಅರಿಸ್ಟಾಟಲನು ಬಹಳ ಹಿಂದೆಯೇ ತಿಳಿಸಿದ್ದಾನೆ. ನೆಲದಡಿಯ ಮಣ್ಣು, ಸಿಮೆಂಟಿನ ದರ, ಜೂನ್ ತಿಂಗಳ ಮಳೆ, ಇವು ಗಣಿತದ ನಿಖರತೆಗೆ ಒಗ್ಗುವಂಥವಲ್ಲ.

ವಂತಿಗೆ ಕೊಡುವ ಕುಟುಂಬಗಳಲ್ಲಿ ಒಡವೆ ಅಡವಿಟ್ಟು ಕೊಡುವವರೂ ಇರುತ್ತಾರೆ. ಅವರಿಗೆ ಪೂರ್ಣ ಲೆಕ್ಕ ತಿಳಿಯುವ ಹಕ್ಕಿದೆ. ಮುಂದೆ ಯಾವುದೇ ಕಟ್ಟಡ ಸಮಿತಿಯು ಪಟ್ಟಿಯನ್ನು ಮಂಡಿಸಿದಾಗ, ಇಂಥದೇ ಕಟ್ಟಡಕ್ಕೆ ನೆರೆಯೂರಿನಲ್ಲಿ ಕೊನೆಗೆ ಎಷ್ಟಾಯಿತು ಎಂದು ಮೊದಲು ಕೇಳೋಣ. ಹೆಚ್ಚೆಂದರೆ ಎಷ್ಟಾದೀತು, ಅಷ್ಟಾದರೆ ಯಾವ ಕೆಲಸವನ್ನು ಕೈಬಿಡುವುದು ಎಂಬ ಅಂಕಣವು ಪಟ್ಟಿಯಲ್ಲಿ ಇಲ್ಲದಿದ್ದರೆ ಅದನ್ನು ಹಿಂದಿರುಗಿಸೋಣ. ಶಂಕುಸ್ಥಾಪನೆ ಎರಡು ವಾರ ಮುಂದಕ್ಕೆ ಹೋದರೆ ಹೋಗಲಿ.