ಬಿದ್ದ ಸ್ಕೂಟರು, ಓದದ ಪಾಲಿಸಿ

ಪುತ್ತೂರಿನಿಂದ ಕಾಣಿಯೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಊರು ನರಿಮೊಗರು. ಇಲ್ಲಿ ರೈಲು ನಿಲ್ದಾಣವಿದೆ, ಬಸ್ಸಿದೆ. ಆದರೆ ತೋಟದ ನಡುವಿನ ಮನೆಯಿಂದ ರಸ್ತೆಗೆ ಬಂದು, ಬಸ್ಸು ಹಿಡಿದು ಪುತ್ತೂರಿನ ಕಾಲೇಜು ತಲಪುವಷ್ಟರಲ್ಲಿ ಮೊದಲ ತರಗತಿ ಮುಗಿದಿರಬಹುದು. ಹಾಗಾಗಿ ತಂದೆಯ ಹೆಸರಿನಲ್ಲಿರುವ ಸ್ಕೂಟರು ಮಗನ ಅಥವಾ ಮಗಳ ಕೈಗೆ ಬರುತ್ತದೆ. ಮಳೆ ಹಿಡಿದ ಮೇಲೆ ತಿರುವಿನಲ್ಲಿ ಚಕ್ರ ಜಾರುವುದಕ್ಕೆ ಹೆಚ್ಚು ಹೊತ್ತು ಬೇಡ. ಮೊಣಕೈ ತರಚಿಕೊಂಡು ಮನೆಗೆ ಬಂದ ಮಗನನ್ನು ಕಂಡು ಹೆತ್ತವರು, ‘ಸದ್ಯ, ಇಷ್ಟರಲ್ಲೇ ಹೋಯಿತಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ‘ಇನ್ಶೂರೆನ್ಸ್ ಇದೆಯಲ್ಲ, ಗ್ಯಾರೇಜಿಗೆ ಹಾಕಿದರಾಯಿತು.’ ತೊಡಕು ಶುರುವಾಗುವುದು ಇಲ್ಲಿಂದ.

ಇನ್ಶೂರೆನ್ಸ್ ಇದೆ ನಿಜ. ಆದರೆ ಯಾವುದು? 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ನಮ್ಮ ವಾಹನದಿಂದ ಬೇರೆಯವರಿಗಾದ ಸಾವು, ಗಾಯ, ಆಸ್ತಿ ನಷ್ಟಕ್ಕೆ ಅದು ಪರಿಹಾರ ಕೊಡುತ್ತದೆ. ನಮ್ಮದೇ ಸ್ಕೂಟರಿನ ರಿಪೇರಿಗೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ರಿಪೇರಿ ಖರ್ಚು ಸಿಗಬೇಕಾದರೆ ಸ್ವಂತ ಹಾನಿಯ ವಿಮೆ, ಅಂದರೆ ಜನ ಹೇಳುವ ‘ಫುಲ್ ಇನ್ಶೂರೆನ್ಸ್’ ಇರಬೇಕು. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕು. ಅದರ ಜೊತೆ ಕೊಡುವ ಸ್ವಂತ ಹಾನಿಯ ವಿಮೆ ಸಾಮಾನ್ಯವಾಗಿ ಒಂದೇ ವರ್ಷದ್ದು. ಹಲವರು ಎಡವುವುದು ಇಲ್ಲೇ. ‘ಐದು ವರ್ಷದ್ದು ಕಟ್ಟಿದೆ’ ಎಂದು ನಿಶ್ಚಿಂತರಾಗಿರುತ್ತಾರೆ. ಪೊಲೀಸರು ತಪಾಸಣೆ ಮಾಡಿದಾಗಲೂ ಕಾಗದ ಸರಿಯಾಗಿಯೇ ಇರುತ್ತದೆ. ಬಿದ್ದ ದಿನ ನೋಡಿದರೆ ಸ್ವಂತ ಹಾನಿಯ ಭಾಗದ ಅವಧಿ ಮುಗಿದು ಎರಡು ವರ್ಷವಾಗಿರುತ್ತದೆ. ಪಾಲಿಸಿಯ ಮೊದಲ ಪುಟದಲ್ಲಿ ಎರಡೂ ಅವಧಿಗಳನ್ನು ಬೇರೆಬೇರೆಯಾಗಿ ಬರೆದಿರುತ್ತಾರೆ. ಅದನ್ನು ಓದಲು ಐದು ನಿಮಿಷ ಸಾಕು.

ಎರಡನೆಯ ಪ್ರಶ್ನೆ, ಓಡಿಸುತ್ತಿದ್ದವರು ಯಾರು ಎಂಬುದು. ಪಾಲಿಸಿಯಲ್ಲಿ ಕಾಣುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಲೈಸೆನ್ಸು ಇರುವ ಮಾಲೀಕನಿಗೆ ಸೇರಿದ್ದು. ಆರ್‌ಸಿ ತಂದೆಯ ಹೆಸರಿನಲ್ಲಿದ್ದು ಮಗ ಓಡಿಸುವಾಗ ಬಿದ್ದರೆ, ಮಗನಿಗೆ ಆ ಹಣ ಸಿಗುವುದಿಲ್ಲ. ಕರ್ನಾಟಕದ್ದೇ ಒಂದು ಪ್ರಕರಣ ಇದಕ್ಕೆ ಹತ್ತಿರದ್ದು. ಇಳಕಲ್‌ನಿಂದ ತನ್ನ ಊರಾದ ಗುಡೂರಿಗೆ ಬೇರೊಬ್ಬರ ಬೈಕು ಪಡೆದು ಹೊರಟಿದ್ದ ವ್ಯಕ್ತಿ, ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ಥಟ್ಟನೆ ನಿಂತಾಗ ಅದಕ್ಕೆ ಡಿಕ್ಕಿಯಾಗಿ ತೀರಿಕೊಂಡ. ಯಾರ ತಪ್ಪೆಂದು ಸಾಧಿಸದೆಯೇ ಪರಿಹಾರ ಕೊಡಿಸುತ್ತಿದ್ದ ಆಗಿನ 163ಎ ಕಲಮಿನಡಿ ಮನೆಯವರು ಆ ಬೈಕಿನ ವಿಮಾ ಕಂಪನಿಯಿಂದ ಪರಿಹಾರ ಕೇಳಿದರು. ವಾಹನವನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ಆ ಕಲಮಿನಡಿ ಪರಿಹಾರ ಸಲ್ಲದು ಎಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬೇರೆ ಕಲಮಿನಡಿ ಪರಿಶೀಲಿಸಲು ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಿತು. ಸ್ನೇಹಿತನ ಬೈಕಿನಲ್ಲಿ ‘ಒಂದು ರೌಂಡು’ ಹೋಗಿ ಬರುವ ಪ್ರತಿ ವಿದ್ಯಾರ್ಥಿಗೂ ಈ ತೀರ್ಪು ತಿಳಿದಿರಬೇಕು.

ಹಿಂದೆ ಕೂರುವವರ ವಿಚಾರವೂ ಹಾಗೆಯೇ. ಬರಿಯ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಹಿಂಬದಿ ಸವಾರನಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಸಮಗ್ರ ಪಾಲಿಸಿ ಇದ್ದರೆ ರಕ್ಷಣೆ ಉಂಟು. ದಿನವೂ ಸಹಪಾಠಿಯನ್ನು ಕೂರಿಸಿಕೊಂಡು ಹೋಗುವ ಸ್ಕೂಟರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಮಕ್ಕಳೇ ಓಡಿಸುವ ವಾಹನವಾದರೆ, ಅವರಿಗೆ ಹದಿನೆಂಟು ತುಂಬಿ ಲೈಸೆನ್ಸು ಬಂದ ಮೇಲೆ ಆರ್‌ಸಿ, ಪಾಲಿಸಿ ಎರಡನ್ನೂ ಅವರ ಹೆಸರಿಗೇ ಮಾಡಿಸುವುದು ಲೇಸು. ಸೆಕೆಂಡ್ ಹ್ಯಾಂಡ್ ವಾಹನ ಕೊಂಡವರು ಹದಿನಾಲ್ಕು ದಿನದೊಳಗೆ ಪಾಲಿಸಿಯನ್ನೂ ತಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು. ಇಲ್ಲದಿದ್ದರೆ ರಿಪೇರಿಯ ಹಣ ಕೇಳುವ ಹಕ್ಕೇ ಇರುವುದಿಲ್ಲ.

ಇನ್ನು ಬಿದ್ದ ದಿನ ಮಾಡಬೇಕಾದದ್ದು. ಮೊದಲು ಗಾಯಾಳುವಿಗೆ ಚಿಕಿತ್ಸೆ. ಯಾರಿಗಾದರೂ ಗಾಯವಾಗಿದ್ದರೆ ಅಥವಾ ಬೇರೆಯವರ ಆಸ್ತಿಗೆ ಹಾನಿಯಾಗಿದ್ದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಪೊಲೀಸ್ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೂ ತಿಳಿಸಬೇಕು. ವಾಹನವನ್ನು ಸರಿಸುವ ಮೊದಲು ನಂಬರು ಪ್ಲೇಟು, ಹಾನಿಯಾದ ಭಾಗ, ರಸ್ತೆ ಎಲ್ಲವೂ ಕಾಣುವಂತೆ ಫೋಟೋ ತೆಗೆದಿಡಬೇಕು. ಫೋರ್ಕ್ ಬಾಗಿದ ಸ್ಕೂಟರನ್ನು ಹೇಗೋ ಮನೆವರೆಗೆ ಓಡಿಸಿಕೊಂಡು ಬರುವ ಸಾಹಸ ಬೇಡ. ಹಾಗೆ ಓಡಿಸಿದ್ದರಿಂದ ಹೆಚ್ಚಾದ ಹಾನಿ ಮಾಲೀಕನ ತಲೆಗೇ ಎಂಬುದು ಪಾಲಿಸಿಯ ಷರತ್ತು. ವಿಮೆಯವರು ನೋಡುವ ಮೊದಲು ಮೆಕ್ಯಾನಿಕ್ ಬಿಚ್ಚಿ ಸರಿಮಾಡಿಬಿಟ್ಟರೆ ಆದ ಹಾನಿಗೆ ಸಾಕ್ಷಿಯೇ ಉಳಿಯದು. ಬದಲಿಸಿದ ಹಳೆಯ ಭಾಗಗಳನ್ನೂ ಬಿಸಾಡದೆ ಇಟ್ಟಿರಬೇಕು.

ಬಿಲ್ಲು ಬಂದಾಗ ‘ಇಷ್ಟೇ ಕೊಟ್ಟರು’ ಎಂಬ ದೂರು ಸಾಮಾನ್ಯ. ಅದಕ್ಕೆ ಕಾರಣ ಸವಕಳಿ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗಳಿಗೆ ಅರ್ಧ ಬೆಲೆ ಮಾತ್ರ. ಲೋಹದ ಭಾಗಗಳಿಗೆ ವಾಹನದ ವಯಸ್ಸಿನ ಮೇಲೆ ಕಡಿತ; ಮೂರು ದಾಟಿ ನಾಲ್ಕು ವರ್ಷದೊಳಗಿನದಾದರೆ ಶೇ. 25. ಅಂಥ ಸ್ಕೂಟರಿಗೆ ಪ್ಲಾಸ್ಟಿಕ್ ಭಾಗ 4,000, ಲೋಹದ ಭಾಗ 4,000, ಕೂಲಿ 1,000, ಒಟ್ಟು 9,000 ರೂಪಾಯಿ ಆಯಿತೆನ್ನಿ. ಸಿಗುವುದು 2,000, 3,000 ಮತ್ತು 1,000 ಸೇರಿ 6,000. ಅದರಲ್ಲಿ ದ್ವಿಚಕ್ರಕ್ಕೆ ಕಡ್ಡಾಯ ಕಡಿತ 100 ಕಳೆದು 5,900. ಉಳಿದ 3,100 ಮನೆಯದು. ಸವಕಳಿ ಇಲ್ಲದ ಪಾಲಿಸಿಗೆ ಹೆಚ್ಚು ಕಂತು ಕಟ್ಟಿದ್ದರೆ ಲೆಕ್ಕ ಬೇರೆ. ಒಂದೂ ಕ್ಲೇಮು ಮಾಡದವರಿಗೆ ಮೊದಲ ವರ್ಷದ ನಂತರ ಶೇ. 20ರಿಂದ ಹಿಡಿದು ಶೇ. 50ರವರೆಗೆ ರಿಯಾಯಿತಿ ಸಿಗುತ್ತದೆ. ಕ್ಲೇಮು ಮಾಡಿದರೆ ಅದು ಹೋಗುತ್ತದೆ. ಸಣ್ಣ ಗೀಚಿಗೆ ಕೈಯಿಂದಲೇ ಹಣ ಹಾಕುವುದು ಕೆಲವೊಮ್ಮೆ ಲಾಭ.

ಕಂಪನಿ ಅನ್ಯಾಯವಾಗಿ ನಿರಾಕರಿಸಿತು ಎನಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಮೊದಲು ಕಂಪನಿಗೇ ದೂರು. ಅಲ್ಲಿ ತೀರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಅಲ್ಲಿಗೆ ಹೋಗಲು ಎರಡು ವರ್ಷದ ಗಡುವು.

ಆದರೆ ಈ ಯಾವ ದಾರಿಯೂ ಉಪಯೋಗಕ್ಕೆ ಬಾರದ ಸಂದರ್ಭ ಒಂದಿದೆ. ಓಡಿಸಿದ್ದು ಲೈಸೆನ್ಸು ಇಲ್ಲದ ಮಗ. ಫಾರಂನಲ್ಲಿ ‘ತಂದೆ ಓಡಿಸುತ್ತಿದ್ದರು’ ಎಂದು ಬರೆದುಬಿಡಿ ಎಂಬ ಸಲಹೆ ಯಾರದೋ ಬಾಯಿಂದ ಬರುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಗಾಯಾಳು ಮಗ, ಫಾರಂನಲ್ಲಿ ಚಾಲಕ ತಂದೆ. ಸರ್ವೇಯರನಿಗೆ ಇದು ಕಾಣದೆ ಹೋಗುವುದಿಲ್ಲ. ವಿಮೆ ನಿಂತಿರುವುದೇ ನಂಬಿಕೆಯ ಮೇಲೆ. ಸುಳ್ಳು ಹೊರಬಿದ್ದರೆ ಕ್ಲೇಮು ಹೋಗುತ್ತದೆ, ಪೊಲೀಸ್ ಪ್ರಕರಣವಿದ್ದರೆ ಮಾಡದ ತಪ್ಪೊಂದು ತಂದೆಯ ಮೇಲೆ ಬರುತ್ತದೆ. ಇದೆಲ್ಲವನ್ನೂ ಮಗ ನೋಡುತ್ತಿರುತ್ತಾನೆ ಎಂಬುದನ್ನೂ ಮರೆಯಬಾರದು.

ಲೈಸೆನ್ಸು ಇಲ್ಲದವನಿಂದ ಬೇರೆಯವರಿಗೆ ಗಾಯವಾದರೆ, ವಿಮಾ ಕಂಪನಿ ಗಾಯಾಳುವಿಗೆ ಹಣ ಕೊಟ್ಟು ಅದನ್ನು ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಮಂಡಳಿ ಆದೇಶಿಸಬಹುದು. ಆ ಮೊತ್ತಕ್ಕೆ ತೋಟವೇ ಮಾರಬೇಕಾಗಿ ಬಂದೀತು. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯಂತೆ ಪೋಷಕ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ಇಲ್ಲ. ‘ಇಲ್ಲೇ ಅಂಗಡಿಗೆ ಹೋಗಿ ಬಾ’ ಎಂದು ಕೀ ಕೊಡುವಾಗಲೂ ಈ ಕಾನೂನು ಅನ್ವಯಿಸುತ್ತದೆ. ಕೀ ಕೇಳಿದ ಮಗನಿಗೆ ಹದಿನೆಂಟು ತುಂಬಿದೆಯೇ, ಲೈಸೆನ್ಸು ಇದೆಯೇ, ಪಾಲಿಸಿಯ ಎರಡೂ ಅವಧಿ ಚಾಲ್ತಿಯಲ್ಲಿವೆಯೇ ಎಂದು ನೋಡಿಯೇ ಕೊಟ್ಟರೆ, ಬಿದ್ದ ದಿನ ಯಾರೂ ಸುಳ್ಳು ಹೇಳಬೇಕಾಗಿ ಬರುವುದಿಲ್ಲ.